ತಾಯಿಯ ಮುಂದೆ ಆಡಿದ ಮಾತು: ಶ್ರೀಧರ ರಂಗಾಯನರ ಚಿತ್ರಪಟಗಳು

ಸಾಹಿತ್ಯದ ಮಾಸಪತ್ರಿಕೆಯಲ್ಲಿ ಚಿತ್ರಪಟಗಳ ಚರ್ಚೆ ಯಾಕೆ, ಅದರಲ್ಲಿಯೂ ಗಂಡಸು ಗಂಡಸನ್ನೇ ಒಲಿಯುವ ಕಥೆಗಳನ್ನು ಎರಡು ದಶಕಗಳಿಂದ ತೆಗೆಯುತ್ತ ಬಂದಿರುವ ಒಬ್ಬ ನಿರ್ದೇಶಕರ ಚರ್ಚೆ ಯಾಕೆ, ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳದೆ ಇರಲಾರರು. ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಮೊದಲು ಉತ್ತರ ಹೇಳಿ ಆ ಮೇಲೆ ವಿಷಯಕ್ಕೆ ಬರುವದು ಒಳ್ಳೆಯದು. ಶ್ರೀಧರ ರಂಗಾಯನರು ೧೯೬೨ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡು, ಯಾವ ದೊಡ್ಡ ಚಿತ್ರಸಂಸ್ಥೆಯ ಆಶ್ರಯವನ್ನೂ ಬೇಡದೆ, ತಮ್ಮಂಥವರ ಬಾಳನ್ನೇ ವಸ್ತುವಾಗಿ ಮಾಡಿಕೊಂಡು ಚಿತ್ರ ತೆಗೆದ ಭಾರತೀಯರಲ್ಲಿ ಮೊದಲಿಗರ ಸಾಲಿಗೆ ಸೇರಿದವರು. ಕನ್ನಡನಾಡಿನಲ್ಲಿ ಹುಟ್ಟಿ ಹೋದವರೊಬ್ಬರ ಕೃತಿಗಳನ್ನು ಕನ್ನಡದ ಪತ್ರಿಕೆಗಳು ತೂಗಿ ನೋಡದಿದ್ದರೆ ಮತ್ತಾರು ನೋಡಬೇಕು? ಇದು ಒಂದು ಕಾರಣ. ಎರಡನೆಯ ಕಾರಣ ಇದಕ್ಕಿಂತಲೂ ಬಲವಾದದ್ದು. ಅವರ ಚಿತ್ರಗಳು ಕೊನೆಗೆ ನಮ್ಮೆದುರಿಗೆ ತಂದಿಡುವದು ನುಡಿಗೆ ಸಂಬಂಧಪಟ್ಟ ಒಂದು ಪ್ರಶ್ನೆಯನ್ನು: ಮನೆಯೊಳಗೆ ಎಂದೂ ಯಾರೂ ಆಡದಿದ್ದ ಮಾತನ್ನು ಮಗನಾದವನು ತಾಯಿಯ ಮುಂದೆ ಯಾವ ನುಡಿಯಲ್ಲಿ ಆಡಬೇಕು? ಇದು ಸಾಹಿತ್ಯದ ಪ್ರಶ್ನೆಯಲ್ಲವೆಂದು ಹೇಳುವವರು ಯಾರು?

ನಮ್ಮ ಭಾಗದ ಜನರಿಗೆ ಈ ವಿಷಯ ತೀರ ಅಪರಿಚಿತವೆಂದರೆ ಅದು ನಿಜವಾಗಲಾರದು. ಟಿಕೋಟೆ ಬಬಲೇಶ್ವರಗಳ ಸೀಮೆಯಲ್ಲಿ ಶ್ರೀಕೃಷ್ಣಪಾರಿಜಾತದ ಆಟವನ್ನು ಬೆಳತನಕ ಕುಳಿತು ನೋಡಿದ ಹಿರಿಯರು, ಸೀರೆಯುಟ್ಟು ಹೆರಳು ಹಾಕಿಕೊಂಡು ಸತ್ಯಭಾಮೆಯಾಗಿ ಮುನಿದು ನಿಂತ ಗಂಡಸಿಗೆ ತಲೆದೂಗಿದವರೇ ಆಗಿದ್ದಾರೆ. ಆದಿಲಶಾಹಿಯ ಕಾಲದ ವಿಜಾಪುರದ ದಖನಿ ಕವಿ ಹಾಶಮಿ ಹೆಂಗಸಿನ ನುಡಿಯಲ್ಲಿಯೇ ಗಜಲುಗಳನ್ನು ಕಟ್ಟಿ ಹೆಸರಾದವನು. ಶರಣರು ಲಿಂಗವನ್ನು ಪತಿಯೆಂದೂ ತಮ್ಮನ್ನು ಸತಿಯೆಂದೂ ಭಾವಿಸಿದ ಬಗೆಯನ್ನು, ಬಸವನ ಬಾಗೇವಾಡಿಯ ಜಿಲ್ಲೆಯವರಾದ ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸವದತ್ತಿಯ ಎಲ್ಲಮ್ಮನ ಕೊಡ ಹೊತ್ತು ಬಂದ ಜೋಗಪ್ಪನಿಗೆ ನಮ್ಮ ಹೆಣ್ಣುಮಕ್ಕಳು ಜೋಳ ನೀಡಿ ಕೈ ಮುಗಿಯುವರು. ಅದೇ ಪರಂಪರೆಯ ಮಂಜಮ್ಮ ಜೋಗತಿಯವರಿಗೆ ೨೦೨೧ರಲ್ಲಿ ಪದ್ಮಶ್ರೀ ದೊರೆತಾಗ ಸಂತೋಷಪಟ್ಟವರು ಬಹಳ. ಆದರೆ ಇವೆಲ್ಲವುಗಳಲ್ಲಿ ಸಮಾನವಾಗಿರುವ ಒಂದು ಸಂಗತಿಯನ್ನು ಗಮನಿಸಬೇಕು. ರಂಗದ ಮೇಲೆ, ಕಾವ್ಯದ ಒಳಗೆ, ದೇವರ ಸನ್ನಿಧಿಯಲ್ಲಿ, ಅಂದರೆ ಒಂದಲ್ಲ ಒಂದು ವೇಷದ ಮರೆಯಲ್ಲಿ, ನಾವು ಎಲ್ಲವನ್ನೂ ಒಪ್ಪಿಕೊಂಡೆವು. ಅಂಗಿ ಪ್ಯಾಂಟು ತೊಟ್ಟ ಸಾಮಾನ್ಯ ಮನುಷ್ಯನೊಬ್ಬ ಹಾಡೂ ಇಲ್ಲದೆ, ಕೊಡವೂ ಇಲ್ಲದೆ, ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ತನ್ನ ಮನಸ್ಸು ಹೀಗಿದೆ ಎಂದರೆ ಮಾತ್ರ ಅವನಿಗೆ ನಮ್ಮಲ್ಲಿ ಎಡೆಯಿಲ್ಲ. (ಜೋಗಪ್ಪನ ಬಾಳು, ಪಾತ್ರಧಾರಿಯ ಬಾಳು, ಗಂಡಸನ್ನು ಒಲಿಯುವ ಗಂಡಸಿನ ಬಾಳು ಇವು ಮೂರೂ ಒಂದೇ ಎಂದು ನಾವು ಹೇಳುತ್ತಿಲ್ಲ, ಹಾಗೆ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುವದು ನಮ್ಮ ಜನರ ಹಳೆಯ ಅಭ್ಯಾಸ. ನಾವು ಹೇಳುತ್ತಿರುವದು ನೋಡುವವರ ವಿಚಾರ.) ರಂಗಾಯನರ ಇಲ್ಲಿಯ ವರೆಗಿನ ಕೃತಿಗಳನ್ನು ಸಾಲಾಗಿ ಇಟ್ಟು ನೋಡಿದರೆ, ಅವು ವೇಷದಿಂದ ಹೊರಟು ವೇಷವಿಲ್ಲದ ಆ ಪಡಸಾಲೆಯ ಕಡೆಗೆ ನಡೆದುಬಂದಂತೆ ನಮಗೆ ಕಾಣುತ್ತವೆ. ಅವರು ಪೂರ್ತಿ ಅಲ್ಲಿಗೆ ಮುಟ್ಟಿದರೋ ಇಲ್ಲವೋ ಎಂಬದೇ ಈ ಲೇಖನದ ವಿಚಾರ.

ಅವರು ಕೆಲಸಕ್ಕೆ ತೊಡಗಿದ ಕಾಲ ಎಂಥದು ಎಂಬದನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಬ್ರಿಟಿಷರು ೧೮೬೦ರಲ್ಲಿ ಬರೆದ ದಂಡಸಂಹಿತೆಯ ೩೭೭ನೆಯ ಕಲಮು ಆಗ ಪೂರ್ಣ ಜಾರಿಯಲ್ಲಿತ್ತು. ಇಬ್ಬರು ವಯಸ್ಕ ಗಂಡಸರ ಏಕಾಂತವೂ ಅದರ ಕೈಗೆ ಸಿಕ್ಕುವಂತಿತ್ತು. ಮುಂಬಯಿಯಲ್ಲಿ ೧೯೯೦ರಲ್ಲಿ ಅಶೋಕ ರಾವ್ ಕವಿಯವರು ‘ಬಾಂಬೆ ದೋಸ್ತ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ೧೯೯೪ರಲ್ಲಿ ‘ಹಮ್‌ಸಫರ್ ಟ್ರಸ್ಟ್’ ಎಂಬ ಸಂಸ್ಥೆ ಹುಟ್ಟಿತು. ಅದರ ಸ್ಥಾಪಕ ಸದಸ್ಯರಲ್ಲಿ ರಂಗಾಯನರೂ ಒಬ್ಬರು. ೧೯೯೬ರಲ್ಲಿ, ಹಳೆಯ ವಾಡಿಯಾ ಮೂವಿಟೋನ್ ಮನೆತನದ ಕುಡಿಯಾದ ರಿಯಾದ್ ವಾಡಿಯಾ ಎಂಬ ತರುಣನು ಆರ್. ರಾಜ್ ರಾವ್ ಅವರ ಕವಿತೆಗಳನ್ನು ಆಧರಿಸಿ ‘ಬಾಂಬ್‌ಗೇ’ ಎಂಬ ಕಿರುಚಿತ್ರವನ್ನು ತೆಗೆದನು. ಭಾರತದಲ್ಲಿ ಈ ಬಗೆಯ ಮೊದಲ ಚಿತ್ರವೆಂಬ ಹೆಸರು ಅದಕ್ಕೇ ಸಲ್ಲುವದು. ೧೯೯೮ರ ಡಿಸೆಂಬರದಲ್ಲಿ ದೀಪಾ ಮೆಹತಾ ಅವರ ‘ಫಾಯರ್’ ಚಿತ್ರ ನಡೆಯುತ್ತಿದ್ದಾಗ ಮುಂಬಯಿ ದಿಲ್ಲಿಗಳಲ್ಲಿ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ವಾಡಿಯಾ ೨೦೦೩ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡನು. ಅದೇ ವರ್ಷ ರಂಗಾಯನರ ಮೊದಲನೆಯ ಮಹತ್ವದ ಚಿತ್ರ ‘ಗುಲಾಬಿ ಆಯಿನಾ’ ಸಿದ್ಧವಾಯಿತು. ಅದನ್ನು ತೆಗೆದದ್ದು ಅವರೂ ಅವರ ಬಾಳಸಂಗಾತಿ ಸಾಗರ ಗುಪ್ತಾ ಅವರೂ ಕೂಡಿ ೨೦೦೧ರಲ್ಲಿ ಕಟ್ಟಿದ ‘ಸೋಲಾರಿಸ್ ಪಿಕ್ಚರ್ಸ್’ ಎಂಬ ಸಣ್ಣ ಸಂಸ್ಥೆ.

‘ಗುಲಾಬಿ ಆಯಿನಾ’ ಎಂದರೆ ಗುಲಾಬಿ ಬಣ್ಣದ ಕನ್ನಡಿ. ಸುಮಾರು ನಲವತ್ತು ಮಿನಿಟಿನ ಚಿತ್ರ. ಬಿಬ್ಬೋ ಮತ್ತು ಶಬ್ಬೋ ಎಂಬ ಇಬ್ಬರು, ಗಂಡಸರಾಗಿ ಹುಟ್ಟಿ ಹೆಂಗಸಿನ ಉಡಿಗೆ ತೊಡಿಗೆಗಳಲ್ಲಿ ಮೆರೆಯುವವರು. ಒಬ್ಬರು ಉಡಿಗೆಗಳ ರಚನಕಾರರು, ಒಬ್ಬರು ನೃತ್ಯ ಮಾಡುವವರು. ಅವರ ಮನೆಗೆ ಮ್ಯಾಂಡಿ ಎಂಬ ಪಾಶ್ಚಾತ್ಯ ರೀತಿಯ ಎಳೆಯ ಹುಡುಗ ಬರುವನು; ಸಮೀರನೆಂಬ ಚೆಲುವನ ಸಲುವಾಗಿ ಎಲ್ಲರ ನಡುವೆ ಪೈಪೋಟಿ ನಡೆಯುವದು. ಕಥೆಯೆಂದರೆ ಇಷ್ಟೇ. ಆದರೆ ಆ ಬೈದಾಟ, ಆ ಮೂದಲಿಕೆ, ಒಬ್ಬರ ಸೀರೆಯನ್ನು ಒಬ್ಬರು ಹೀಯಾಳಿಸುತ್ತಲೇ ಒಬ್ಬರ ದುಃಖವನ್ನು ಒಬ್ಬರು ಹೊರುವ ಆ ಸಲಿಗೆ! ಹಿಂದಿಯ ಹಳೆಯ ಚಿತ್ರಗಳ ನಾಯಿಕೆಯರ ಹಾವಭಾವಗಳನ್ನೆಲ್ಲ ಮೈಗೂಡಿಸಿಕೊಂಡು ಆಡುವ ಆ ಅತಿರೇಕದ ಕೆಳಗೆ, ಜಗತ್ತು ತಮ್ಮನ್ನು ಕಂಡು ನಗುವ ಮೊದಲು ತಾವೇ ತಮ್ಮನ್ನು ಕಂಡು ನಕ್ಕುಬಿಡುವ ಜಾಣತನವಿದೆ. ನಗೆಯ ನಡುವೆ ಏಡ್ಸ್ ರೋಗದ ನೆರಳೂ ಒಮ್ಮೆ ಹಾಯ್ದುಹೋಗುವದು. ಅದನ್ನು ದೊಡ್ಡದು ಮಾಡಿ ಅಳಿಸುವ ಗೋಜಿಗೆ ನಿರ್ದೇಶಕರು ಹೋಗಿಲ್ಲ.

ಪರಿಶೀಲಕ ಮಂಡಲಿಯು ೨೦೦೩ರಲ್ಲಿ ಈ ಚಿತ್ರಕ್ಕೆ ಪ್ರಮಾಣಪತ್ರವನ್ನು ನಿರಾಕರಿಸಿತು. ಅಸಭ್ಯವೂ ಆಕ್ಷೇಪಾರ್ಹವೂ ಆಗಿದೆ ಎಂಬ ಕಾರಣ ಕೊಡಲಾಯಿತು. ನಿರ್ದೇಶಕರು ಮರಳಿ ಮರಳಿ ಅರಿಕೆ ಮಾಡಿಕೊಂಡರೂ ಫಲವಾಗಲಿಲ್ಲ. ಹೀಗಾಗಿ ತನ್ನ ದೇಶದ ಚಿತ್ರಮಂದಿರಕ್ಕೆ ಬಾರದ ಚಿತ್ರ ಹೊರದೇಶಗಳ ಉತ್ಸವಗಳನ್ನು ಸುತ್ತಿತು. ಅಮೇರಿಕೆ ಫ್ರಾನ್ಸಗಳಲ್ಲಿ ಪಾರಿತೋಷಕಗಳನ್ನೂ ಪಡೆಯಿತು. ಮಂಡಲಿಯವರು ಯಾವದನ್ನು ಅಸಭ್ಯವೆಂದರೋ ಅದರಲ್ಲಿಯೇ ಈ ಚಿತ್ರದ ಸತ್ತ್ವವಿದೆ ಎಂದು ನಮ್ಮ ಅಭಿಪ್ರಾಯ. ಬಿಬ್ಬೋ ಶಬ್ಬೋ ಆಡುವದು ಮುಂಬಯಿಯ ಅವರ ಬಳಗದವರು ನಿಜವಾಗಿ ಆಡುವಂಥ ಮಾತು. ಪುಸ್ತಕದಿಂದ ತಂದದ್ದಲ್ಲ, ಯಾರನ್ನೋ ಒಪ್ಪಿಸುವದಕ್ಕಾಗಿ ಹದಮಾಡಿದ್ದೂ ಅಲ್ಲ. ತಾಂತ್ರಿಕವಾಗಿ ಚಿತ್ರ ಬಡವಾಗಿದೆ. ಬೆಳಕು ಅಲ್ಲಲ್ಲಿ ಕೆಟ್ಟಿದೆ. ಕೆಲವು ದೃಶ್ಯಗಳು ನಾಟಕದ ತಾಲೀಮಿನಂತೆ ಕಾಣುವವು. ಆದರೂ ನುಡಿ ಜೀವಂತವಾಗಿದೆ. ಈ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ವಿನಂತಿ; ಮುಂದೆ ಇದರ ಅವಶ್ಯಕತೆ ಬೀಳಲಿದೆ.

ನಂತರದ ಎರಡು ಚಿತ್ರಗಳ ಬಗೆಗೆ ಬಹಳ ಹೇಳಬೇಕಾದದ್ದಿಲ್ಲ. ೨೦೦೬ರ ‘ಯುವರ್ಸ್ ಇಮೋಶನಲಿ’ ಇಂಗ್ಲಂಡದಿಂದ ಬಂದ ಇಬ್ಬರು ಗೆಳೆಯರು ಭಾರತದ ಒಂದು ಸಣ್ಣ ಊರನ್ನು ಕಾಣುವ ಕಥೆ. ಅದರಲ್ಲಿ ನಾವು ನೆನೆಯಬೇಕಾದದ್ದು ಬಹಳ ವರ್ಷ ಕೂಡಿ ಬಾಳಿದ ಇಬ್ಬರು ಹಿರಿಯ ಗಂಡಸರ ಸಂಸಾರದ ಚಿತ್ರವೊಂದನ್ನೇ. ಉಳಿದದ್ದು ಪ್ರವಾಸಿಯ ಕಣ್ಣಿನ ನೋಟ, ಹೊರದೇಶದ ಪ್ರೇಕ್ಷಕರಿಗೆ ಭಾರತವನ್ನು ಬಣ್ಣಿಸಿದಂತಿದೆ. ೨೦೦೭ರ ‘೬೮ ಪೇಜಸ್’ ಎಂಬದು ಏಡ್ಸ್ ಪೀಡಿತರಿಗೆ ಸಮಾಧಾನ ಹೇಳುವ ಕೆಲಸದಲ್ಲಿರುವ ಮಾನಸಿ ಎಂಬವಳ ದಿನಚರಿಯ ಪುಟಗಳ ಮೂಲಕ ಹಲವರ ಬಾಳನ್ನು ತೋರಿಸುವದು. ಸೂಳೆಗಾರಿಕೆಯಲ್ಲಿ ಸಿಕ್ಕವಳು, ಸೂಜಿಯ ಮಾದಕಕ್ಕೆ ಬಿದ್ದವನು, ಸಲಿಂಗಪ್ರೇಮಿ, ಬಾರಿನಲ್ಲಿ ಕುಣಿಯುವ ತೃತೀಯಲಿಂಗಿ, ಇವರೆಲ್ಲರನ್ನೂ ಒಂದೇ ಕರುಣೆಯಿಂದ ನೋಡಿದ್ದಾರೆ. ಆದರೆ ಪ್ರಚಾರದ ಉದ್ದೇಶ ಕಲೆಯ ಹೆಗಲ ಮೇಲೆ ಕುಳಿತಿದೆ. ಆರೋಗ್ಯದ ಕೆಲಸಕ್ಕೆ ಅದು ಬೇಕಾಗಿದ್ದಿರಬಹುದು. ವಿಮರ್ಶಕನು ಅಷ್ಟಕ್ಕೇ ಸುಮ್ಮನಾಗುವದು ಉಚಿತ.

೨೦೦೯ರ ಜುಲೈ ೨ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು ೩೭೭ನೆಯ ಕಲಮಿನ ಹಲ್ಲನ್ನು ಕಿತ್ತಿತು. ಮರುವರ್ಷವೇ ರಂಗಾಯನರು ಮುಂಬಯಿಯಲ್ಲಿ ‘ಕಶಿಶ್’ ಎಂಬ ಚಲಚ್ಚಿತ್ರೋತ್ಸವವನ್ನು ಆರಂಭಿಸಿದರು. ಅವರ ಹೆಸರು ಉಳಿಯುವದು ಚಿತ್ರಗಳಿಂದಲೋ ಉತ್ಸವದಿಂದಲೋ ಎಂದು ಕೇಳುವವರಿದ್ದಾರೆ; ನಮಗಂತೂ ಎರಡೂ ಒಂದೇ ಕೆಲಸದ ಎರಡು ಕೈಗಳೆಂದು ತೋರುವದು. ಗುಟ್ಟಾಗಿ ಕತ್ತಲೆಯ ಕೋಣೆಗಳಲ್ಲಿ ನೋಡಬೇಕಾಗಿದ್ದ ಚಿತ್ರಗಳನ್ನು ತಿಕೀಟು ತೆಗೆದು ಹಗಲಿನಲ್ಲಿ ಚಿತ್ರಮಂದಿರಕ್ಕೆ ಹೋಗಿ ನೋಡುವಂತೆ ಮಾಡಿದ್ದು ಸಣ್ಣ ಸಾಧನೆಯಲ್ಲ. ೨೦೧೧ರ ‘ಪ್ರೊಜೆಕ್ಟ್ ಬೋಲೋ’ದಲ್ಲಿ ಅವರು ಕಥೆ ಕಟ್ಟುವದನ್ನು ಬಿಟ್ಟು, ಸಲಿಂಗಪ್ರೇಮಿಗಳೂ ಲಿಂಗಪರಿವರ್ತಿತರೂ ತಮ್ಮ ಬಾಳನ್ನು ತಾವೇ ಹೇಳುವದನ್ನು ಕೇಳುತ್ತ ಕುಳಿತರು. ‘ಪರ್ಪಲ್ ಸ್ಕೈಸ್’ ಎಂಬ ಸಾಕ್ಷ್ಯಚಿತ್ರ ಹೆಣ್ಣನ್ನು ಒಲಿದ ಹೆಣ್ಣುಮಕ್ಕಳದು. ಅದು ಸರಕಾರದ ದೂರದರ್ಶನದಲ್ಲಿಯೇ ಪ್ರಸಾರವಾಯಿತು. ೨೦೧೫ರ ‘ಬ್ರೇಕಿಂಗ್ ಫ್ರೀ’ ಆ ಕಲಮಿನಿಂದ ಪೋಲೀಸರ ಕೈಗೂ ಬೆದರಿಸಿ ಹಣ ಕೀಳುವವರ ಕೈಗೂ ಸಿಕ್ಕು ನೊಂದವರ ಸಾಕ್ಷಿಗಳ ಸಂಗ್ರಹ. ೬೩ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಇದರ ಸಂಕಲನಕ್ಕಾಗಿ ಪ್ರವೀಣ ಆಂಗ್ರೆ ಹಾಗೂ ರಂಗಾಯನರಿಗೆ ಗೌರವ ದೊರೆಯಿತು. ಹನ್ನೆರಡು ವರ್ಷಗಳ ಹಿಂದೆ ಯಾರ ಚಿತ್ರ ಅಸಭ್ಯವೆಂದು ತಿರಸ್ಕೃತವಾಗಿತ್ತೋ ಅವರಿಗೇ ಅದೇ ಸರಕಾರದ ಪ್ರಶಸ್ತಿ! ಅಷ್ಟರೊಳಗೆ ೨೦೧೩ರ ಡಿಸೆಂಬರ ೧೧ರಂದು ಸರ್ವೋಚ್ಚ ನ್ಯಾಯಾಲಯವು ದಿಲ್ಲಿಯ ತೀರ್ಪನ್ನು ತಳ್ಳಿಹಾಕಿ ಕಲಮನ್ನು ಮತ್ತೆ ಮೊದಲಿನಂತೆ ಮಾಡಿತ್ತು. ಒಂದು ಕೈಯಿಂದ ಪ್ರಶಸ್ತಿ, ಇನ್ನೊಂದು ಕೈಯಲ್ಲಿ ಬೇಡಿ. ಈ ವಿಚಿತ್ರವನ್ನು ಕಥೆಗಾರನೊಬ್ಬ ಕಲ್ಪಿಸಿ ಬರೆದಿದ್ದರೆ ಅಸಂಭವವೆಂದು ನಾವೇ ಟೀಕಿಸುತ್ತಿದ್ದೆವು.

ಈ ಸಾಕ್ಷ್ಯಚಿತ್ರಗಳ ಕಾಲದಲ್ಲಿ ರಂಗಾಯನರು ಕಲಿತದ್ದು ಕೇಳುವ ವಿದ್ಯೆಯನ್ನು ಎಂದು ನಮ್ಮ ಊಹೆ. ಯಾಕೆಂದರೆ ಅವರ ಎಲ್ಲ ಚಿತ್ರಗಳಲ್ಲಿ ಪ್ರೌಢವಾದ ‘ಈವನಿಂಗ್ ಶ್ಯಾಡೋಸ್’ ಮಾತನಾಡುವವನ ಕಥೆಗಿಂತ ಕೇಳಿಸಿಕೊಳ್ಳುವವಳ ಕಥೆಯಾಗಿದೆ. ಜಾತ್ರೆಗೆ ಪಟ್ಟಿ ಕೂಡಿಸಿದಂತೆ ಅನೇಕರಿಂದ ಸಣ್ಣ ಸಣ್ಣ ವರ್ಗಣಿ ಕೂಡಿಸಿ ತೆಗೆದ ಈ ಚಿತ್ರ ೨೦೧೮ರ ಆರಂಭದಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮೊದಲು ತೋರಿಸಲ್ಪಟ್ಟಿತು. ಅದೇ ವರ್ಷದ ಸಪ್ಟೆಂಬರ ೬ರಂದು ಸರ್ವೋಚ್ಚ ನ್ಯಾಯಾಲಯವು ತನ್ನ ಹಿಂದಿನ ತೀರ್ಪನ್ನು ತಾನೇ ತಿದ್ದಿಕೊಂಡಿತು. ೨೦೧೯ರ ಜನವರಿಯಲ್ಲಿ ಚಿತ್ರ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಿತು.

ಕಥೆ ದಕ್ಷಿಣದ ಒಂದು ಸಣ್ಣ ಊರಿನದು. ಚಿತ್ರೀಕರಣ ನಡೆದದ್ದು ಶ್ರೀರಂಗಪಟ್ಟಣದಲ್ಲಿ, ಅಂದರೆ ನಿರ್ದೇಶಕರು ಹುಟ್ಟಿದ ಮಂಡ್ಯದ ಸೀಮೆಯಲ್ಲಿಯೇ. ಮುಂಬಯಿಯಲ್ಲಿ ಛಾಯಾಚಿತ್ರಕಾರನಾಗಿರುವ ಕಾರ್ತಿಕನು ಮನೆಯ ಪೂಜೆಯೊಂದಕ್ಕೆ ಬಹುದಿನಗಳ ಮೇಲೆ ಊರಿಗೆ ಬರುವನು. ತಂದೆ ದಾಮೋದರನಿಗೆ ಮಗನ ಮದುವೆಯ ಅವಸರ. ತಾಯಿ ವಸುಧೆ ಗಂಡನ ಮಾತಿಗೆ ಎದುರಾಡದೆ ಬಾಳಿದವಳು; ಮಗನೊಬ್ಬನೇ ಅವಳ ಜೀವದ ಜೀವ. ಆ ತಾಯಿಯೊಬ್ಬಳ ಮುಂದೆಯೇ ಕಾರ್ತಿಕನು ತನ್ನ ಸತ್ಯವನ್ನು ಹೇಳುವನು. ಸಾಮಾನ್ಯ ಚಿತ್ರಕಾರನಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಹೇಳಿದವನ ಧೈರ್ಯವನ್ನು ಹೊಗಳಿ ಪರದೆ ಎಳೆಯುತ್ತಿದ್ದನು. ರಂಗಾಯನರ ಕಥೆ ನಿಜವಾಗಿ ಆರಂಭವಾಗುವದೇ ಇಲ್ಲಿಂದ. ಮಗನು ತನ್ನ ಹೊರೆಯನ್ನು ಇಳಿಸಿ ಹಗುರಾದನು. ಆ ಹೊರೆ ಈಗ ತಾಯಿಯ ತಲೆಯ ಮೇಲೆ ಬಂದಿತು. ಅವಳು ಅದನ್ನು ಯಾರ ಮುಂದೆ ಇಳಿಸಬೇಕು? ಗಂಡನ ಮುಂದೆ ಹೇಳುವಂತಿಲ್ಲ, ನೆರೆಹೊರೆಗೆ ತಿಳಿಯುವಂತಿಲ್ಲ. ಸತ್ಯ ಹೇಳುವವನಿಗೆ ಒಂದು ದಿನದ ಧೈರ್ಯ ಸಾಕು. ಕೇಳಿದವಳಿಗೆ ಪ್ರತಿದಿನ ಬೆಳಗೆದ್ದು ಒಲೆ ಹಚ್ಚುವಾಗಲೂ ಆ ಧೈರ್ಯ ಬೇಕಾಗುವದು. ಇದನ್ನು ಕಂಡುಕೊಂಡದ್ದೇ ಈ ಚಿತ್ರದ ದೊಡ್ಡ ಗುಣ.

ವಸುಧೆಯ ಪಾತ್ರದಲ್ಲಿ ಮೋನಾ ಅಂಬೇಗಾಂವಕರ ಅವರು ಮಾಡಿದ ಅಭಿನಯ ಸಂಯಮದ ಮಾದರಿ. ಮೊದಲು ಅವಳಿಗೆ ಮಾತಿನ ಅರ್ಥವೇ ಆಗದು. ಅರ್ಥವಾದ ಮೇಲೆ ಅದು ರೋಗವೆಂದೂ, ತನ್ನ ತಪ್ಪಿನ ಫಲವೆಂದೂ ಬಗೆಯುವಳು. ನಿಧಾನವಾಗಿ, ಮಗನ ಬಾಳನ್ನು ತೂಗುತ್ತಿರುವಾಗಲೇ, ತನ್ನ ಬಾಳಿನ ಲೆಕ್ಕವೂ ಅವಳಿಗೆ ಕಾಣತೊಡಗುವದು. ತನಗೂ ಒಂದು ಮನಸ್ಸಿತ್ತು, ಅದನ್ನು ಯಾರೂ ಕೇಳಲಿಲ್ಲ. ಮಗನ ಗುಟ್ಟು ಅವಳಿಗೆ ತನ್ನ ಬಾಯಿಯನ್ನು ತೆರೆದುಕೊಟ್ಟಿತು. ಸಲಿಂಗಪ್ರೇಮದ ಪ್ರಶ್ನೆಯೂ ಹೆಣ್ಣಿನ ಪ್ರಶ್ನೆಯೂ ಒಂದೇ ಗೋಡೆಗೆ ಹಾಯುವ ಎರಡು ತಲೆಗಳೆಂಬದನ್ನು ಭಾಷಣ ಮಾಡದೆ ಹೀಗೆ ತೋರಿಸಿದ್ದು ಅಪರೂಪ. ಮದುವೆಯಾಗಿಯೂ ತನ್ನ ಪ್ರವೃತ್ತಿಯನ್ನು ಮುಚ್ಚಿಟ್ಟುಕೊಂಡು ಬಾಳುವ ರಮೇಶನೆಂಬ ಬಂಧುವಿನ ಪಾತ್ರವನ್ನೂ ಇಲ್ಲಿ ಹೇಳಬೇಕು. ಕಾರ್ತಿಕನು ತಂದೆಯ ಮಾತಿನಂತೆ ತಾಳಿ ಕಟ್ಟಿದ್ದರೆ ಏನಾಗುತ್ತಿದ್ದನೋ ಅದೇ ರಮೇಶ. ಅಂಥವನ ಕೈಹಿಡಿದ ಹೆಣ್ಣಿನ ಗತಿ ಏನೆಂಬದನ್ನು, ‘ಮದುವೆ ಮಾಡಿದರೆ ಎಲ್ಲ ಸರಿಹೋದೀತು’ ಎನ್ನುವ ಹಿರಿಯರು ಒಮ್ಮೆ ಯೋಚಿಸಬೇಕು.

ದೋಷಗಳಿಲ್ಲವೆಂದಲ್ಲ. ಅನಂತ ಮಹಾದೇವನ್ ಅವರಂಥ ನುರಿತ ನಟರು ದಾಮೋದರನಾಗಿದ್ದರೂ ತಂದೆಯ ಪಾತ್ರ ಒಂದೇ ಸ್ವರದಲ್ಲಿ ನಿಂತುಬಿಟ್ಟಿದೆ. ಗದರುವದು, ಆಜ್ಞಾಪಿಸುವದು, ಶಾಸ್ತ್ರ ಹೇಳುವದು, ಇಷ್ಟೇ. ಇಂಥ ತಂದೆಯ ಸಿಟ್ಟಿನ ಕೆಳಗೆ ಒಂದು ಭಯವಿರುವದು. ಜನ ಏನೆಂದಾರು ಎಂಬ ಭಯ, ವಂಶ ನಿಂತೀತೆಂಬ ಭಯ, ಮಗನನ್ನು ತಾನು ಎಂದೂ ಅರಿಯಲಿಲ್ಲವೆಂಬ ನಾಚಿಕೆ. ಚಿತ್ರ ಅದನ್ನು ಮುಟ್ಟಿಯೂ ಮುಟ್ಟದೆ ಹೋಗುವದು. ತಾಯಿಗೆ ಕೊಟ್ಟ ನ್ಯಾಯವನ್ನು ತಂದೆಗೆ ಕೊಟ್ಟಿದ್ದರೆ ತಾಯಿಯ ಗೆಲವೂ ಹೆಚ್ಚು ಬೆಲೆಯುಳ್ಳದ್ದಾಗುತ್ತಿತ್ತು. ಹಾಡುಗಳೂ ಕೆಲವೆಡೆ ಬೇಡದಲ್ಲಿ ಬಂದು ನಿಲ್ಲುವವು. ಇದೇ ಮನೆಯ ಮುಂದಿನ ಕಥೆಯನ್ನು ಅವರು ಸಾಗರ ಗುಪ್ತಾ ಅವರೊಡನೆ ‘ಕುಛ್ ಸಪನೇ ಅಪನೇ’ ಎಂಬ ೨೦೨೪ರ ಚಿತ್ರದಲ್ಲಿ ಮುಂದುವರಿಸಿದ್ದಾರೆ.

ಇವೆಲ್ಲ ಸಣ್ಣ ಮಾತುಗಳು. ನಮ್ಮ ಮುಖ್ಯ ತಕರಾರು ಬೇರೆಯದು. ವಸುಧೆ ಹಿಂದಿಯಲ್ಲಿ ಮಾತಾಡುವಳು.

ಕಾವೇರಿಯ ನೀರು, ಶ್ರೀರಂಗಪಟ್ಟಣದ ಬೀದಿ, ಅಲ್ಲಿಯ ಮನೆಯ ಕಂಬಗಳು, ಅಂಗಳ, ಪೂಜೆ ಎಲ್ಲವೂ ಇವೆ. ಅವುಗಳ ನಡುವೆ ನಿಂತ ತಾಯಿ ಮಗ ಗಂಡ ಬಂಧುಗಳೆಲ್ಲ ಮನೆಯೊಳಗಿನ ಮಾತನ್ನು ಹಿಂದಿಯಲ್ಲಿ ಆಡುವರು. ನಿರ್ದೇಶಕರ ಮನೆಮಾತಿನ ವಿಚಾರ ನಮಗೆ ಬೇಡ. ನಾವು ಕೇಳುವದು ಪಾತ್ರದ ಮಾತನ್ನು. ಹಿಂದಿಯ ಮೇಲೆ ನಮಗೆ ಹಗೆಯಿಲ್ಲ. ವಿಜಯಪುರದಲ್ಲಿ ಬೆಳೆದವರಿಗೆ ದಖನಿ ಪರಕೀಯವಲ್ಲ. ಈ ನಗರದ ಒಂದು ಓಣಿಯ ತಾಯಿ ಮಗನ ಸಂಗಡ ದಖನಿಯಲ್ಲಿ ಮಾತಾಡಿದಳೆಂದರೆ ಅದಕ್ಕಿಂತ ಸಹಜವಾದದ್ದು ಇಲ್ಲ. ಆದರೆ ಕಾವೇರಿಯ ದಂಡೆಯ ವಸುಧೆ ಮುಂಬಯಿಯ ಚಿತ್ರಮಂದಿರದ ಹಿಂದಿಯಲ್ಲಿ ಗೋಳಿಟ್ಟಾಗ, ಇಡೀ ಚಿತ್ರ ಪಟ್ಟ ಶ್ರಮ ಒಂದು ಕ್ಷಣ ಸಡಿಲವಾಗುವದು. ನಟಿಯ ಮೋರೆ ಸತ್ಯವನ್ನೇ ಹೇಳುತ್ತದೆ. ಮಾತು ಮಾತ್ರ ಭಾಷಾಂತರವಾಗಿ ಕೇಳುತ್ತದೆ. ಈ ಚಿತ್ರದಲ್ಲಿ ನಮ್ಮನ್ನು ಬಹಳ ತಟ್ಟುವ ಸ್ಥಳಗಳು ವಸುಧೆ ಏನೂ ಆಡದೆ ಸುಮ್ಮನಿರುವ ಸ್ಥಳಗಳೇ ಆಗಿರುವದು ಆಕಸ್ಮಿಕವಲ್ಲ. ‘ಗುಲಾಬಿ ಆಯಿನಾ’ದ ಬಿಬ್ಬೋ ಶಬ್ಬೋ ವೇಷ ತೊಟ್ಟು ತಮ್ಮ ನುಡಿಯನ್ನು ಆಡಿದರು, ‘ಈವನಿಂಗ್ ಶ್ಯಾಡೋಸ್’ದ ತಾಯಿ ಮಗ ಎಲ್ಲ ವೇಷಗಳನ್ನು ಕಳಚಿದರೂ ನುಡಿಯ ವೇಷವೊಂದನ್ನು ಕಳಚಲಿಲ್ಲ. ಈ ಕಾರಣದಿಂದಲೇ, ಎರಡನೆಯದು ಹಿರಿದಾದ ಚಿತ್ರವಾಗಿದ್ದರೂ, ಒಡಕಲಾದ ಆ ಮೊದಲಿನ ಕನ್ನಡಿಯಲ್ಲಿ ಹೆಚ್ಚಿನ ಕಲಾಸತ್ಯವಿದೆಯೆಂದು ಹೇಳುವ ಧೈರ್ಯ ಮಾಡುತ್ತೇವೆ. ಇದನ್ನು ಒಪ್ಪದವರು ಬಹಳ ಜನರಿರುವರೆಂದು ನಾವು ಬಲ್ಲೆವು.

ಇದಕ್ಕೆ ಸಮಾಧಾನಗಳಿವೆ. ಹಣ ಕೊಟ್ಟವರು ಎಲ್ಲ ಕಡೆಯವರು. ಚಿತ್ರ ಎಲ್ಲ ಕಡೆ ಮುಟ್ಟಬೇಕು. ಹಿಂದಿಯಲ್ಲಿದ್ದರೆ ಲಖನೌದ ತಾಯಿಯೂ ನಾಗಪುರದ ತಾಯಿಯೂ ನೋಡುವರು. ನಿಜ. ಊರಲ್ಲಿ ಇಲ್ಲದ ಧೈರ್ಯ ದೂರದ ನಗರದಲ್ಲಿ ಬರುವಂತೆ, ತನ್ನ ನುಡಿಯಲ್ಲಿ ಬಾರದ ಮಾತು ಪರನುಡಿಯಲ್ಲಿ ಸುಲಭವಾಗಿ ಬರುವದೆಂಬದೂ ನಿಜ. ನಾಚಿಕೆಗೆ ಪರಭಾಷೆ ಒಳ್ಳೆಯ ಹೊದಿಕೆ. ಆದರೆ ಬೇರೆಯವರು ಏನು ಮಾಡಿದರೆಂಬದನ್ನೂ ನೋಡಬೇಕು. ಬಂಗಾಲದ ಋತುಪರ್ಣ ಘೋಷರು ೨೦೧೨ರಲ್ಲಿ ‘ಚಿತ್ರಾಂಗದಾ’ವನ್ನು ತೆಗೆದಾಗ ಬಂಗಾಲಿಯನ್ನು ಬಿಡಲಿಲ್ಲ. ರವೀಂದ್ರರ ನೃತ್ಯನಾಟಕವನ್ನು ನಡುವೆ ಇಟ್ಟುಕೊಂಡು, ತಾವೇ ನಾಯಕನಾಗಿ ಅಭಿನಯಿಸಿ, ತಂದೆತಾಯಿಯರ ಮುಂದೆ ಆಡಬೇಕಾದ ಕಠಿಣ ಮಾತುಗಳನ್ನೆಲ್ಲ ಮನೆಮಾತಿನಲ್ಲಿಯೇ ಆಡಿದರು. ಮರುವರ್ಷ ಅವರು ತೀರಿಕೊಂಡಾಗ ಬಂಗಾಲವು ತನ್ನ ಮಗನೊಬ್ಬನನ್ನು ಕಳೆದುಕೊಂಡಂತೆ ಅತ್ತಿತು. ಅವರ ನುಡಿ ಬಂಗಾಲಿಗಳ ಮನೆಯ ನುಡಿಯಾಗಿದ್ದುದೂ ಅದಕ್ಕೆ ಒಂದು ಕಾರಣವೆಂದು ತಿಳಿಯಬಹುದು.

ಕನ್ನಡದಲ್ಲಿ ಆ ಮಾತು ಹುಟ್ಟಲಾರದೆಂದು ಯಾರೂ ಹೇಳುವಂತಿಲ್ಲ. ಬಳ್ಳಾರಿ ಸೀಮೆಯ ಸಂಡೂರಿನವರಾದ ವಸುಧೇಂದ್ರರು ೨೦೧೩ರಲ್ಲಿ ‘ಮೋಹನಸ್ವಾಮಿ’ ಎಂಬ ಕಥಾಸಂಕಲನವನ್ನು ಹೊರತಂದರು. ಗಂಡಸನ್ನು ಒಲಿಯುವ ಗಂಡಸಿನ ಬಾಳನ್ನು, ಅದರ ಅವಮಾನವನ್ನೂ ಆಸೆಯನ್ನೂ ಚಿಕ್ಕ ಚಿಕ್ಕ ಸಣ್ಣತನಗಳನ್ನೂ, ಅವರು ಯಾವ ವೇಷವೂ ಇಲ್ಲದೆ ದಿನಬಳಕೆಯ ಕನ್ನಡದಲ್ಲಿ ಬರೆದರು. ಕನ್ನಡವೇನೂ ಕುಸಿದುಬೀಳಲಿಲ್ಲ; ಓದುಗರು ಕೊಂಡು ಓದಿದರು. ೨೦೧೫ರಲ್ಲಿ ಬಿ. ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಕನ್ನಡದ ಪರದೆಯ ಮೇಲೆ ಬಂದು, ಅದರ ನಾಯಕ ಸಂಚಾರಿ ವಿಜಯ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ್ದು, ಗಂಡುದೇಹದಲ್ಲಿ ಹುಟ್ಟಿದ ಹೆಣ್ಣಿನ ಕಥೆ, ಕಾರ್ತಿಕನ ಕಥೆಯಲ್ಲ. ಆದರೂ ಮನೆಯವರ ಮುಂದೆ ಬಾಯಿ ಬಿಡಲಾರದ ಸಂಕಟ ಎರಡರಲ್ಲಿಯೂ ಒಂದೇ. ಆ ಸಂಕಟವನ್ನು ಕನ್ನಡದಲ್ಲಿ ಕೇಳಿದವರಿಗೆ ಅದು ಎದೆಗೆ ನಾಟಿತು.

ಪದದ ತೊಡಕೂ ಒಂದು ಇದೆ, ಅದನ್ನು ಮರೆಮಾಚಬಾರದು. ‘ಸಲಿಂಗಕಾಮ’ ಎಂಬದು ನಮ್ಮ ಪತ್ರಿಕೆಗಳ ಮಾತು, ನ್ಯಾಯಾಲಯದ ಮಾತು. ಅದರಲ್ಲಿ ಕಾಮವೊಂದೇ ಇದೆ. ಒಲವು, ಸಂಗಾತ, ಮುಪ್ಪಿನಲ್ಲಿ ಒಬ್ಬರಿಗೊಬ್ಬರು ನೀರು ಕೊಡುವದು ಯಾವದೂ ಇಲ್ಲ. ಯಾವ ಮಗನೂ ಆ ಶಬ್ದವನ್ನು ತಾಯಿಯ ಮುಂದೆ ಉಚ್ಚರಿಸಲಾರನು. ಈ ಲೇಖನದಲ್ಲಿ ನಾವು ‘ಸಲಿಂಗಪ್ರೇಮ’ವೆಂದು ಬರೆದಿದ್ದೇವೆ, ಅದೂ ಗ್ರಂಥಸ್ಥ ಶಬ್ದವೇ, ಅಡಿಗೆಮನೆಗೆ ಹೊಂದುವದಿಲ್ಲ. ಇಂಥ ಪದಗಳನ್ನು ಪಂಡಿತರು ಕುಳಿತು ರಚಿಸಲು ಬಾರದು. ಒಬ್ಬ ನಟ, ಒಬ್ಬ ನಟಿ, ಒಂದು ದೃಶ್ಯ, ಅದರಲ್ಲಿ ತಡವರಿಸುತ್ತ ಹೊರಟ ಒಂದು ವಾಕ್ಯ, ಹೀಗೆ ಅವು ಹುಟ್ಟಬೇಕು. ರಂಗಾಯನರ ಕೈಯಲ್ಲಿ ಆ ಅವಕಾಶವಿತ್ತು.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಹುಡುಗರು ಸೋಲಾಪುರದ ಮೇಲೆ ಹಾಯ್ದು ಪುಣೆ ಮುಂಬಯಿಗಳಿಗೆ ದುಡಿಯಲು ಹೋಗಿದ್ದಾರೆ. ಊರ ಜಾತ್ರೆಗೋ ದೀಪಾವಳಿಗೋ ಮರಳಿ ಬಂದಾಗ, ಕಾರ್ತಿಕನಿಗೆ ದಾಮೋದರನು ಕೇಳಿದ ಪ್ರಶ್ನೆಯನ್ನೇ ಅವರಿಗೂ ಕೇಳುವರು. ಅವರಲ್ಲಿ ಕಾರ್ತಿಕನಂಥವರು ಇಲ್ಲವೆಂದು ತಿಳಿಯುವದು ನಮ್ಮ ಸೌಕರ್ಯದ ನಂಬಿಗೆ. ಟಿಕೋಟೆಯ ಒಂದು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತ ತಾಯಿಯ ಹತ್ತಿರ ಅಂಥವನೊಬ್ಬ ಬಂದು, ‘ಯವ್ವಾ, ನಿನಗ ಒಂದು ಮಾತು ಹೇಳಬೇಕಾಗೇದ’ ಎಂದು ಆರಂಭಿಸಿದನೆನ್ನಿರಿ. ಮುಂದಿನ ಮಾತು ಏನು? ಮಂಡ್ಯದ ಮಗ ‘ಅಮ್ಮ, ನಿನ್ನ ಹತ್ರ ಒಂದು ಮಾತು’ ಎಂದು ಆರಂಭಿಸಿದರೂ ತೊಡಕು ಅದೇ. ವಸುಧೆಯ ಉತ್ತರಗಳು ಆ ಎರಡೂ ತಾಯಂದಿರಿಗೆ ಬೇಕಾದವುಗಳೇ. ಹಿಂದಿ ಅರಿಯದ ತಾಯಿಗೆ ಮಾತ್ರ ಅವು ಮುಟ್ಟವು.

ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸುವದಕ್ಕೆ ನಮ್ಮಲ್ಲಿ ಬಹುಕಾಲ ಇದ್ದ ಅಡ್ಡಿ ೨೦೧೫ರಲ್ಲಿ ಸ್ಪರ್ಧಾ ಆಯೋಗದ ನಿರ್ಣಯದ ತರುವಾಯ ಸಡಿಲವಾಯಿತು. ಆ ಮೇಲೆ ದೊಡ್ಡ ದೊಡ್ಡ ಯುದ್ಧದ ಚಿತ್ರಗಳೂ ಕನ್ನಡದಲ್ಲಿ ಮಾತಾಡಿದವು. ‘ಈವನಿಂಗ್ ಶ್ಯಾಡೋಸ್’ಕ್ಕೆ ಒಂದು ಕನ್ನಡದ ಕಂಠವನ್ನು ಕೂಡಿಸುವದು ಅದಕ್ಕಿಂತ ಕಠಿಣವಾಗಲಾರದು. ಮೈಸೂರು ಸೀಮೆಯ ಮನೆಮಾತನ್ನು ಬಲ್ಲ ಒಬ್ಬ ಲೇಖಕರೂ, ವಸುಧೆಗೆ ದನಿ ಕೊಡಬಲ್ಲ ನಮ್ಮ ರಂಗಭೂಮಿಯ ಒಬ್ಬ ಹಿರಿಯ ನಟಿಯೂ ದೊರೆತರೆ ಸಾಕು. ರಂಗಾಯನರು ಈ ಕೆಲಸಕ್ಕೆ ಮನಸ್ಸು ಮಾಡಲಿ ಎಂದು ಈ ಪತ್ರಿಕೆಯ ಮೂಲಕ ಅವರಲ್ಲಿ ಬಿನ್ನಹ.